ಸ್ಕ್ರಿಪ್ಟ್ ಅರ್ಧಕ್ಕೆ ನಿಂತರೆ ಮತ್ತೆ ಓಡಿಸೋಕೆ ಹೆದರಿಕೆ ಆಗಬಾರದು

ಪ್ರಶ್ನೆ: ಸರ್, ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನ್. ನಮ್ಮಲ್ಲಿ ಜಿಂಬ್ರಾ 8.8.15 ಮೇಲ್ ಸರ್ವರ್ ಇದೆ. ಪ್ರತಿ ವರ್ಷ ಸುಮಾರು 640 ಹೊಸ ವಿದ್ಯಾರ್ಥಿಗಳಿಗೆ ಮೇಲ್ ಖಾತೆ ಮಾಡಬೇಕು, ಪಾಸಾಗಿ ಹೋದವರದ್ದು ಮುಚ್ಚಬೇಕು. ಆಫೀಸಿನಿಂದ ಎಕ್ಸೆಲ್ ಪಟ್ಟಿ ಬರುತ್ತದೆ. ಈ ಸಲ ಶೆಲ್‌ನಲ್ಲಿ (ಲಿನಕ್ಸಿನ ಕಮಾಂಡ್ ಪರದೆ) ಒಂದು ಲೂಪ್ ಬರೆದು, ಅಂದರೆ ಪಟ್ಟಿಯ ಪ್ರತಿ ಸಾಲಿಗೂ ಅದೇ ಕಮಾಂಡ್‌ಗಳು ಮತ್ತೆ ಮತ್ತೆ ಓಡುವಂತೆ ಮಾಡಿ, ಓಡಿಸಿದೆ. ಎರಡು ಗಂಟೆ ಆದರೂ ಮುಗಿಯಲಿಲ್ಲ, ಅಷ್ಟರಲ್ಲಿ ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟಿತು. ಈಗ ಎಷ್ಟು ಖಾತೆ ಆಗಿವೆ, ಎಷ್ಟು ಉಳಿದಿವೆ ಗೊತ್ತಿಲ್ಲ. ಮತ್ತೆ ಓಡಿಸಲು ಹೆದರಿಕೆ. ಸರಿಯಾದ ಕ್ರಮ ಯಾವುದು? ಇದಕ್ಕೆಲ್ಲ ಪೈಥಾನ್ ಕಲಿಯಬೇಕಾ?

ಉತ್ತರ: ಮೊದಲು ಹೆದರಿಕೆಯ ವಿಷಯ ಮುಗಿಸೋಣ. ಇರುವ ಖಾತೆಯನ್ನೇ ಇನ್ನೊಮ್ಮೆ ಮಾಡಲು ಹೋದರೆ ಜಿಂಬ್ರಾ ‘ಈ ಖಾತೆ ಆಗಲೇ ಇದೆ’ ಅಂತ ಎರರ್ ಕೊಡುತ್ತದೆ, ಅಷ್ಟೆ. ಒಳಗಿನ ಮೇಲ್ ಏನೂ ಅಳಿಸಿಹೋಗುವುದಿಲ್ಲ. ಆದರೆ ನಿಮ್ಮ ಲೂಪಿನಲ್ಲಿ ಪಾಸ್‌ವರ್ಡ್ ಇಡುವ ಸಾಲು ಬೇರೆಯಾಗಿ ಇದ್ದರೆ ಕಥೆಯೇ ಬೇರೆ. ಖಾತೆ ಮಾಡುವ ಸಾಲು ಎರರ್ ಆಗಿ ಬಿಟ್ಟರೂ ಪಾಸ್‌ವರ್ಡ್ ಸಾಲು ಓಡುತ್ತದೆ, ಆಗಲೇ ಲಾಗಿನ್ ಆಗಿ ತನಗೆ ಬೇಕಾದ ಪಾಸ್‌ವರ್ಡ್ ಇಟ್ಟುಕೊಂಡ ಹುಡುಗನದ್ದು ರಾತ್ರೋರಾತ್ರಿ ಬದಲಾಗುತ್ತದೆ, ಬೆಳಿಗ್ಗೆ ನಿಮ್ಮ ಬಾಗಿಲ ಮುಂದೆ ಕ್ಯೂ. ಹಾಗಾಗಿ ಹಳೆಯ ಲೂಪನ್ನು ಇನ್ನು ಮುಟ್ಟಬೇಡಿ.

ಮಲೆನಾಡಿನಲ್ಲಿ ಸರ್ವರ್ ನೋಡಿಕೊಳ್ಳುವವರು ಒಂದು ಮಾತು ಒಪ್ಪಿಕೊಂಡೇ ಕೆಲಸ ಶುರು ಮಾಡಬೇಕು: ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಕೆಲಸವೂ ಅರ್ಧಕ್ಕೆ ನಿಲ್ಲಬಹುದು. ಎಲ್ಲೋ ಮರ ಬಿದ್ದಿರುತ್ತದೆ, ಲೈನ್ ಹೋಗಿರುತ್ತದೆ. ನಮ್ಮ ಗ್ರಹಚಾರಕ್ಕೆ ಹೊಸ ಅಡ್ಮಿಷನ್ ಬರುವುದೂ ಅದೇ ಹೊತ್ತಿಗೆ. ಅದಕ್ಕೇ ಸ್ಕ್ರಿಪ್ಟ್ ಎಷ್ಟು ಬೇಗ ಓಡುತ್ತದೆ ಅನ್ನುವುದನ್ನು ನಾನು ಆಮೇಲೆ ನೋಡುತ್ತೇನೆ. ಎರಡು ಸಲ, ಮೂರು ಸಲ ಓಡಿಸಿದರೂ ಏನೂ ಕೆಡಬಾರದು, ಅದು ಮೊದಲು. ಈ ಗುಣ ಬಂತು ಅಂದರೆ ಕರೆಂಟ್ ಹೋಗಲಿ ಬಿಡಲಿ, ಬಂದ ಮೇಲೆ ಅದೇ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿದರೆ ಮುಗಿಯಿತು.

ಆ ಗುಣ ಬರಬೇಕಾದರೆ ‘ಪಟ್ಟಿಯ ಪ್ರತಿ ಸಾಲಿಗೂ ಖಾತೆ ಮಾಡು’ ಅನ್ನುವ ಯೋಚನೆಯನ್ನೇ ಬಿಡಬೇಕು. ಬದಲಿಗೆ ಎರಡು ಪಟ್ಟಿ ಇಟ್ಟುಕೊಳ್ಳಿ. ಒಂದು ಆಫೀಸಿನದ್ದು, ಅಂದರೆ ಯಾರು ಇರಬೇಕು. ಇನ್ನೊಂದು ಸರ್ವರಿನದ್ದು, ಅಂದರೆ ಯಾರು ಇದ್ದಾರೆ. ಎರಡನ್ನೂ ಹೋಲಿಸಿ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದವರಿಗೆ ಮಾತ್ರ ಖಾತೆ ಮಾಡಿ. ನಿಮ್ಮ ಇವತ್ತಿನ ಪರಿಸ್ಥಿತಿಗೂ ಇದೇ ಮದ್ದು. ಎಷ್ಟು ಆಗಿದೆ ಅಂತ ನೀವು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಸರ್ವರೇ ಹೇಳುತ್ತದೆ.

ಸರ್ವರಿನ ಪಟ್ಟಿ ತೆಗೆಯುವುದು ಸುಲಭ. ಜಿಂಬ್ರಾ ಯೂಸರ್ ಆಗಿ ಲಾಗಿನ್ ಆಗಿ ಖಾತೆ ನೋಡಿಕೊಳ್ಳುವ ಝಡ್‌ಎಂಪ್ರೊವ್ ಕಮಾಂಡಿಗೆ ‘ಎಲ್’ ಆಯ್ಕೆ ಕೊಟ್ಟು ‘ಜಿಎಎ’ (ಎಲ್ಲ ಖಾತೆ ತೋರಿಸು ಅಂತ) ಮತ್ತು ನಿಮ್ಮ ಡೊಮೈನ್ ಹೆಸರು ಬರೆದರೆ ಎಲ್ಲ ವಿಳಾಸಗಳೂ ಸಾಲಾಗಿ ಬರುತ್ತವೆ. (ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ, ಸಣ್ಣ ಅಕ್ಷರದಲ್ಲೇ.) ಆ ‘ಎಲ್’ ಇದ್ದರೆ ನೇರ ಎಲ್‌ಡ್ಯಾಪ್‌ನಿಂದ, ಅಂದರೆ ಖಾತೆಗಳ ವಿವರ ಇರುವ ಡೈರೆಕ್ಟರಿಯಿಂದ, ಓದುತ್ತದೆ. ಓದುವುದಕ್ಕೆ ಅದು ಸರಿ, ಖಾತೆ ಮಾಡುವಾಗ ಬೇಡ. ಪಟ್ಟಿಯನ್ನು ‘ಸಾರ್ಟ್’ ಮಾಡಿ, ಅಂದರೆ ಅಕ್ಷರ ಕ್ರಮದಲ್ಲಿ ಜೋಡಿಸಿ ಇಡಿ. ಆಫೀಸಿನ ಪಟ್ಟಿಯಿಂದಲೂ ವಿಳಾಸದ ಕಾಲಮ್ ತೆಗೆದು ಸಾರ್ಟ್ ಮಾಡಿ. ಆಮೇಲೆ ಯುನಿಕ್ಸಿನ ಹಳೇ ‘ಕಾಮ್’ ಕಮಾಂಡ್ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರು ಎಲ್ಲಿ ಮಾತ್ರ ಇದ್ದಾರೆ ಅಂತ ಹೇಳಿಬಿಡುತ್ತದೆ. ಎರಡೂ ಒಂದೇ ರೀತಿ ಸಾರ್ಟ್ ಆಗಿರಬೇಕು, ಅದೊಂದು ಷರತ್ತು. ಇನ್ನೊಂದು, ದೊಡ್ಡಕ್ಷರ ಸಣ್ಣಕ್ಷರ. ಆಫೀಸಿನವರು ವಿಳಾಸದಲ್ಲಿ ಬರುವ ಯುಎಸ್‌ಎನ್ ಅನ್ನು (ವಿದ್ಯಾರ್ಥಿಯ ವಿಶ್ವವಿದ್ಯಾಲಯದ ನಂಬರ್) ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಸರ್ವರಿನಲ್ಲಿ ವಿಳಾಸ ಸಣ್ಣಕ್ಷರದಲ್ಲಿ ಇರುತ್ತದೆ. ‘ಕಾಮ್’ ಕಣ್ಣಿಗೆ ಅವೆರಡೂ ಬೇರೆ ಬೇರೆ, ಆದ್ದರಿಂದ 640 ಜನರೂ ಹೊಸಬರು ಅನ್ನುತ್ತದೆ. ಹೋಲಿಸುವ ಮೊದಲು ಎಲ್ಲವನ್ನೂ ಸಣ್ಣಕ್ಷರ ಮಾಡಿಕೊಳ್ಳಿ.

ಈಗ ನಿಧಾನದ ವಿಷಯ. ಝಡ್‌ಎಂಪ್ರೊವ್ ನೋಡಲು ಚಿಕ್ಕ ಕಮಾಂಡ್ ತರ ಇದ್ದರೂ ಒಳಗೆ ಜಾವಾ. ಪ್ರತಿ ಸಲ ಕರೆದಾಗಲೂ ಜಾವಾ ಹೊಸದಾಗಿ ಏಳಬೇಕು, ಸರ್ವರಿಗೆ ಲಾಗಿನ್ ಆಗಬೇಕು, ಒಂದು ಕೆಲಸ ಮಾಡಿ ಮತ್ತೆ ಮಲಗಬೇಕು. ನಾನು ನೋಡಿಕೊಳ್ಳುತ್ತಿದ್ದ ಒಂದು ಹಳೇ ಸರ್ವರಿನಲ್ಲಿ ಒಂದು ಕರೆಗೆ 4 ಸೆಕೆಂಡ್ ಹಿಡಿಯುತ್ತಿತ್ತು. ನಿಮ್ಮ ಲೂಪಿನಲ್ಲಿ ಒಬ್ಬ ವಿದ್ಯಾರ್ಥಿಗೆ ಖಾತೆ ಮಾಡಲು ಒಂದು, ಹೆಸರು ಹಾಕಲು ಒಂದು, ಗುಂಪಿಗೆ ಸೇರಿಸಲು ಒಂದು, ಹೀಗೆ ಮೂರು ಕರೆ ಇದ್ದಿರಬೇಕು. 640 ಜನ, ಮೂರು ಕರೆ, ನಾಲ್ಕು ಸೆಕೆಂಡ್. 7,680 ಸೆಕೆಂಡ್ ಆಯಿತು, ಎರಡು ಗಂಟೆ ಎಂಟು ನಿಮಿಷ. ನೀವು ಹೇಳಿದ ಲೆಕ್ಕಕ್ಕೆ ಸರಿಹೋಯಿತು ಅಲ್ವಾ?

ಅಡಿಕೆ ತೋಟದಲ್ಲಿ ಕೊನೆ ಕೊಯ್ಯುವ ಕೊನೆಗಾರನನ್ನು ನೋಡಿರುತ್ತೀರಿ. ಒಂದು ಮರ ಹತ್ತಿದ ಮೇಲೆ ಅವನು ಕೆಳಗೆ ಇಳಿಯುವುದೇ ಇಲ್ಲ, ಮೇಲಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾನೆ. ನಿಮ್ಮ ಲೂಪ್ ಪ್ರತಿ ಅಡಿಕೆ ಕೊನೆಗೂ ಹತ್ತಿ ಇಳಿಯುತ್ತಿತ್ತು. ಝಡ್‌ಎಂಪ್ರೊವ್‌ಗೆ ‘ಎಫ್’ ಅಂತ ಒಂದು ಆಯ್ಕೆ ಇದೆ. ಮಾಡಬೇಕಾದ ಕೆಲಸಗಳನ್ನೆಲ್ಲ ಒಂದು ಫೈಲಿನಲ್ಲಿ ಸಾಲಿಗೊಂದರಂತೆ ಬರೆದು ಆ ಫೈಲನ್ನು ಕೊಟ್ಟರೆ ಜಾವಾ ಒಮ್ಮೆ ಎದ್ದು ಎಲ್ಲವನ್ನೂ ಮುಗಿಸಿ ಮಲಗುತ್ತದೆ. ಗಂಟೆಗಟ್ಟಲೆ ಆಗುತ್ತಿದ್ದುದು ನಿಮಿಷಗಳಿಗೆ ಇಳಿಯುತ್ತದೆ.

ಇದರಲ್ಲಿ ವೇಗಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ನಿಮ್ಮ ಸ್ಕ್ರಿಪ್ಟ್ ಈಗ ಸರ್ವರನ್ನು ಮುಟ್ಟುವುದೇ ಇಲ್ಲ. ಅದು ಬರೀ ಒಂದು ಫೈಲ್ ಬರೆಯುತ್ತದೆ. ಆ ಫೈಲನ್ನು ನೀವು ತೆರೆದು, ಟೀ ಕುಡಿಯುತ್ತಾ ಮೇಲಿಂದ ಕೆಳಗೆ ಓದಬಹುದು. ಎಷ್ಟು ಸಾಲು ಇದೆ ಎಣಿಸಬಹುದು. ಸರಿ ಅನ್ನಿಸಿದ ಮೇಲೆ ಓಡಿಸುವುದು. ಸಾಲು ಹೇಗಿರುತ್ತದೆ ಅಂದರೆ: ಮೊದಲು ‘ಸಿಎ’ (ಖಾತೆ ಮಾಡು ಅಂತ), ಆಮೇಲೆ ವಿಳಾಸ, ಆಮೇಲೆ ಪಾಸ್‌ವರ್ಡ್, ಅದರ ಹಿಂದೆಯೇ ಡಿಸ್‌ಪ್ಲೇ ನೇಮ್, ಯಾವ ಕ್ಲಾಸ್ ಆಫ್ ಸರ್ವಿಸ್ (ಖಾತೆಗೆ ಸಿಗುವ ಸೌಲಭ್ಯ, ಮಿತಿಗಳ ಗುಂಪು), ‘ಮೊದಲ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಿಸಲೇಬೇಕು’ ಅನ್ನುವ ಗುರುತು, ನೋಟ್ಸ್ ಜಾಗದಲ್ಲಿ ಯಾವ ವರ್ಷದ ಬ್ಯಾಚ್ ಅಂತ. ಎಲ್ಲವೂ ಒಂದೇ ಸಾಲಿನಲ್ಲಿ ಹೋಗುತ್ತದೆ, ಹೆಸರು ಹಾಕಲು ಬೇರೆ ಕರೆ ಬೇಡ. ಪಾಸ್‌ವರ್ಡ್ ಕೂಡ ಇದೇ ಸಾಲಿನಲ್ಲಿ ಇರುವುದರಿಂದ ಖಾತೆ ಹುಟ್ಟುವಾಗ ಮಾತ್ರ ಬೀಳುತ್ತದೆ, ಆಮೇಲೆ ಯಾರದ್ದನ್ನೂ ಮುಟ್ಟುವುದಿಲ್ಲ. ಗುಂಪಿಗೆ ಸೇರಿಸುವುದಕ್ಕೂ ‘ಎಡಿಎಲ್‌ಎಂ’ ಒಂದು ಸಾಲಿನಲ್ಲಿ ಹಲವು ವಿಳಾಸ ತೆಗೆದುಕೊಳ್ಳುತ್ತದೆ, ಐವತ್ತೈವತ್ತು ಹಾಕಿ ಸಾಕು. ಆದರೆ ಈ ಸಾಲುಗಳಿಗೂ ಅದೇ ನಿಯಮ. ಗುಂಪಿನಲ್ಲಿ ಈಗ ಯಾರಿದ್ದಾರೆ ಅಂತ ಸರ್ವರನ್ನು ಕೇಳಿ, ಇಲ್ಲದವರನ್ನು ಮಾತ್ರ ಬರೆಯಿರಿ. ಇಲ್ಲದಿದ್ದರೆ ಖಾತೆ ಆಗಿ, ಗುಂಪಿಗೆ ಸೇರುವ ಮೊದಲೇ ಕರೆಂಟ್ ಹೋದವರು ಹೊರಗೇ ಉಳಿದುಬಿಡುತ್ತಾರೆ.

ಇನ್ನು ಎಕ್ಸೆಲ್ ಪಟ್ಟಿ. ನನ್ನ ಅನುಭವದಲ್ಲಿ ಜಾಸ್ತಿ ತಲೆನೋವು ಇಲ್ಲೇ.

ವಿಂಡೋಸಿನಲ್ಲಿ ಸಿಎಸ್‌ವಿ (ಕಾಲಮ್‌ಗಳ ನಡುವೆ ಅಲ್ಪವಿರಾಮ ಇರುವ ಸಾದಾ ಫೈಲ್) ಮಾಡಿ ಸೇವ್ ಮಾಡಿದರೆ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳುತ್ತದೆ, ಕ್ಯಾರೇಜ್ ರಿಟರ್ನ್. ಲಿನಕ್ಸ್ ಅದನ್ನೂ ಡೇಟಾ ಅಂದುಕೊಳ್ಳುತ್ತದೆ. ಆಗ ಬರುವ ಎರರ್ ನೋಡಿದರೆ ತಲೆ ಕೆಡುತ್ತದೆ. ಟರ್ಮಿನಲ್‌ನಲ್ಲಿ ಸಾಲಿನ ಬಾಲ ತಿರುಗಿ ಬಂದು ತಲೆಯ ಮೇಲೆ ಕೂತಿರುತ್ತದೆ, ವಿಳಾಸದ ಮೊದಲ ಎರಡು ಮೂರು ಅಕ್ಷರದ ಜಾಗದಲ್ಲಿ ಬ್ರಾಕೆಟ್ಟೋ ಕೋಟ್ ಚಿಹ್ನೆಯೋ ಕಾಣುತ್ತದೆ. ನಾನು ಮೊದಲ ಸಲ ಇದನ್ನು ಕಂಡಾಗ ಸರ್ವರ್ ಹಾಳಾಯಿತು ಅಂದುಕೊಂಡು ಅರ್ಧ ದಿನ ಲಾಗ್ ಓದಿದ್ದೆ. ‘ಕ್ಯಾಟ್’ ಕಮಾಂಡಿಗೆ ದೊಡ್ಡ ‘ಎ’ ಆಯ್ಕೆ ಕೊಟ್ಟು ಫೈಲ್ ನೋಡಿದ್ದರೆ ಸಾಲಿನ ಕೊನೆಯಲ್ಲಿ ಒಂದು ಬಾಣದ ತುದಿಯೂ ‘ಎಂ’ ಅಕ್ಷರವೂ ಎದ್ದು ಕಾಣುತ್ತಿದ್ದವು. ‘ಡಾಸ್ ಟು ಯುನಿಕ್ಸ್’ ಹಾಕಿದರೆ ಎರಡು ಸೆಕೆಂಡಿನ ಕೆಲಸ.

ಎಲ್ಲ ಖಾತೆ ಆಗಿ ಪಟ್ಟಿಯ ಮೊದಲ ಹುಡುಗನದ್ದು ಮಾತ್ರ ಆಗಲಿಲ್ಲ ಅಂದರೆ ಅದು ಇನ್ನೊಂದು ರೋಗ. ಎಕ್ಸೆಲ್‌ನಲ್ಲಿ ಯುಟಿಎಫ್-8 ಸಿಎಸ್‌ವಿ ಆರಿಸಿದರೆ ಫೈಲಿನ ತೀರಾ ಮೊದಲಿಗೆ ಮೂರು ಬೈಟಿನ ಒಂದು ಗುರುತು ಬರುತ್ತದೆ, ಬಾಮ್ ಅನ್ನುತ್ತಾರೆ. ಅದು ಮೊದಲ ಸಾಲಿನ ಮೊದಲ ಕಾಲಮಿಗೆ ಅಂಟಿಕೊಂಡಿರುತ್ತದೆ. ಅದನ್ನೂ ಡಾಸ್ ಟು ಯುನಿಕ್ಸ್ ತೆಗೆಯುತ್ತದೆ.

ಮೂರನೆಯದು ಅಪ್ಪಟ ನಮ್ಮ ಸಮಸ್ಯೆ. ಆಫೀಸಿನವರು ಹೆಸರುಗಳನ್ನು ಕನ್ನಡದಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಅವರ ಕಂಪ್ಯೂಟರಿನಲ್ಲಿ ಚೆಂದವಾಗಿ ಕಾಣುತ್ತದೆ. ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಚಿತ್ರ ಅಂಟಿಸಿದ್ದು. ಸರ್ವರಿಗೆ ಹೋದಾಗ ಚಿತ್ರ ಬಿದ್ದುಹೋಗಿ ಸಂಕೇತ ಮಾತ್ರ ಉಳಿಯುತ್ತದೆ, ಹುಡುಗಿ ಮೇಲ್ ಕಳಿಸಿದರೆ ‘ಇಂದ’ ಜಾಗದಲ್ಲಿ ವಿಚಿತ್ರ ಅಕ್ಷರಗಳ ಸಾಲು. ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ. ಒಬ್ಬರ ಹೆಸರು ಹಾಕಿ ಬ್ರೌಸರಿನಲ್ಲಿ ತೆರೆದು ನೋಡಿ, ಆಮೇಲೆ ಉಳಿದವರದ್ದು.

ಹೆಸರಿನ ಮೇಲೆ ವಿಳಾಸ ಮಾಡಲೇಬೇಡಿ. ನಮ್ಮ ಜಿಲ್ಲೆಯ ಯಾವ ಕ್ಲಾಸಿಗೆ ಹೋದರೂ ಮಂಜುನಾಥ ಇಬ್ಬರಾದರೂ ಇರುತ್ತಾರೆ, ಅದರಲ್ಲೂ ಇಂಗ್ಲಿಷಿನಲ್ಲಿ ಒಬ್ಬ ಕೊನೆಗೆ ‘ಎ’ ಹಾಕುತ್ತಾನೆ, ಇನ್ನೊಬ್ಬ ಹಾಕುವುದಿಲ್ಲ, ಒಬ್ಬನ ಮೇಲ್ ಇನ್ನೊಬ್ಬನಿಗೆ ಹೋಗುತ್ತಲೇ ಇರುತ್ತದೆ. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನ ಶಿಮೊಗ ಹೋಗಿ ಶಿವಮೊಗ್ಗ ಬಂತು, ಇವತ್ತಿಗೂ ಒಂದೇ ಪಟ್ಟಿಯಲ್ಲಿ ಎರಡೂ ಸಿಗುತ್ತವೆ. ಯುಎಸ್‌ಎನ್ ಮೇಲೆ ವಿಳಾಸ ಮಾಡಿ, ಅದು ಒಬ್ಬರಿಗೆ ಒಂದೇ. ಹೆಸರು ಡಿಸ್‌ಪ್ಲೇ ನೇಮ್‌ನಲ್ಲಿ ಇರಲಿ. ಅಲ್ಲೂ ಒಂದು ಎಚ್ಚರ: ಡಿಸೋಜಾ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ನಡುವೆ ಒಂದು ಚಿಕ್ಕ ಕೋಟ್ ಹಾಕಿ ಬರೆಯುತ್ತಾರೆ. ನೀವು ಹೆಸರುಗಳನ್ನು ಒಂಟಿ ಕೋಟ್ ಒಳಗೆ ಇಟ್ಟಿದ್ದರೆ ಅಲ್ಲಿಗೇ ಸಾಲು ಮುರಿಯುತ್ತದೆ. ಜೋಡಿ ಕೋಟ್ ಹಾಕಿ.

ಪಾಸ್‌ವರ್ಡಿಗೆ ಹುಟ್ಟಿದ ದಿನಾಂಕ ಬೇಡ, ಕ್ಲಾಸಿನವರಿಗೆಲ್ಲ ಗೊತ್ತಿರುತ್ತದೆ. ಸ್ಕ್ರಿಪ್ಟೇ ಹನ್ನೆರಡು ಅಕ್ಷರದ ಒಂದೊಂದು ಮಾಡಲಿ. ಸೊನ್ನೆ ಮತ್ತು ‘ಓ’, ಒಂದು ಮತ್ತು ‘ಎಲ್’ ಬಿಟ್ಟುಬಿಡಿ, ಕಾಗದದಲ್ಲಿ ಓದುವಾಗ ಗೊಂದಲ. ಕೋಟ್, ಡಾಲರ್ ತರದ ಚಿಹ್ನೆಯೂ ಬೇಡ. ಲೂಪಿನಲ್ಲಿ ಪಾಸ್‌ವರ್ಡನ್ನು ಕಮಾಂಡಿನ ಜೊತೆಗೇ ಕೊಟ್ಟಾಗ ‘ಪಿಎಸ್’ (ಓಡುತ್ತಿರುವ ಕೆಲಸಗಳನ್ನು ತೋರಿಸುವ ಕಮಾಂಡ್) ಹೊಡೆದ ಯಾರಿಗಾದರೂ ಅದು ಕಾಣುತ್ತದೆ. ಫೈಲಿನಿಂದ ಓದಿಸಿದರೆ ಆ ಕಾಟವೂ ಇಲ್ಲ. ಆ ಫೈಲ್ ಮಾತ್ರ ನಿಮಗೊಬ್ಬರಿಗೇ ಓದಲು ಬರುವಂತೆ ಇಟ್ಟು, ಕೆಲಸ ಮುಗಿದ ಮೇಲೆ ಅಳಿಸಿ. ಹುಡುಗರಿಗೆ ಚೀಟಿ ಮುದ್ರಿಸಿ, ಕತ್ತರಿಸಿ, ಐಡಿ ಕಾರ್ಡ್ ಕೊಡುವಾಗಲೇ ಕೊಡಿ. ಪೂರ್ತಿ ಪಟ್ಟಿಯನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕುವವರೂ ಇದ್ದಾರೆ, ಏನು ಹೇಳೋದು. ಚೀಟಿಯ ಮೇಲೆ ಒಂದು ಸಾಲು ಬರೆಯಿರಿ: ಮೊದಲು ಬ್ರೌಸರಿನಲ್ಲಿ ಲಾಗಿನ್ ಆಗಿ ಪಾಸ್‌ವರ್ಡ್ ಬದಲಿಸಿ, ಆಮೇಲೆ ಫೋನಿನಲ್ಲಿ ಹಾಕಿ. ಇಲ್ಲದಿದ್ದರೆ ಫೋನಿನ ಮೇಲ್ ಆಪ್ ಒಳಗೆ ಬಿಡುವುದಿಲ್ಲ, ಪಾಸ್‌ವರ್ಡ್ ತಪ್ಪು ಅಂತ ನಿಮ್ಮ ಹತ್ತಿರ ಬರುತ್ತಾರೆ.

ಹಳಬರ ಖಾತೆ ಮುಚ್ಚುವುದು ಹೊಸದು ಮಾಡುವುದಕ್ಕಿಂತ ಸೂಕ್ಷ್ಮ. ‘ಸರ್ವರಿನಲ್ಲಿ ಇದ್ದು ಪಟ್ಟಿಯಲ್ಲಿ ಇಲ್ಲದವರನ್ನೆಲ್ಲ ಮುಚ್ಚು’ ಅಂತ ಸುಮ್ನೆ ಬರೆದರೆ ಮೊದಲು ಮುಚ್ಚುವುದು ನಿಮ್ಮ ಅಡ್ಮಿನ್ ಖಾತೆಯನ್ನೇ! ಜಿಎಎ ಕೊಡುವ ಪಟ್ಟಿಯಲ್ಲಿ ಅಡ್ಮಿನ್ ಇರುತ್ತದೆ, ಸ್ಪ್ಯಾಮ್ (ಬೇಡದ ಮೇಲ್) ಮತ್ತು ಹ್ಯಾಮ್ (ಬೇಕಾದ ಮೇಲ್) ಯಾವುದು ಅಂತ ಸರ್ವರಿಗೆ ಕಲಿಸುವ ಖಾತೆಗಳಿರುತ್ತವೆ, ವೈರಸ್ ಕ್ವಾರಂಟೈನ್, ಗ್ಯಾಲ್‌ಸಿಂಕ್ (ಎಲ್ಲರ ವಿಳಾಸ ಪುಸ್ತಕಕ್ಕೆ) ಇರುತ್ತವೆ. ಪ್ರಿನ್ಸಿಪಾಲರು, ಆಫೀಸು, ಪೋಸ್ಟ್‌ಮಾಸ್ಟರ್, ಅಬ್ಯೂಸ್ (ದೂರು ಬರುವ ವಿಳಾಸ) ಇವೂ ಇರಬಹುದು. ಪೋಸ್ಟ್‌ಮಾಸ್ಟರ್ ವಿಳಾಸ ಕೆಲಸ ಮಾಡಲೇಬೇಕು ಅಂತ ಮೇಲ್ ನಿಯಮದಲ್ಲೇ ಇದೆ. ಹಾಗಾಗಿ ಮುಚ್ಚುವ ಪಟ್ಟಿಯನ್ನು ವಿದ್ಯಾರ್ಥಿಗಳ ಕ್ಲಾಸ್ ಆಫ್ ಸರ್ವಿಸ್‌ನಲ್ಲಿ ಇರುವವರಿಂದ ಮಾತ್ರ ತೆಗೆಯಿರಿ, ಅದರ ಮೇಲೆ ‘ಇವರನ್ನು ಮುಟ್ಟಬೇಡ’ ಅನ್ನುವ ಒಂದು ಫೈಲೂ ಇಡಿ.

ಇನ್ನೊಂದು ಬ್ರೇಕ್ ಬೇಕು. ಒಂದು ಕಡೆ ನಾನೇ ಎಡವಿ ಬೀಳುವುದರಲ್ಲಿದ್ದೆ. ಆಫೀಸಿನವರು ಒಂದೇ ಎಕ್ಸೆಲ್ ಫೈಲಿನಲ್ಲಿ ಬ್ರಾಂಚಿಗೊಂದು ಶೀಟ್ ಮಾಡಿದ್ದರು. ಸಿಎಸ್‌ವಿ ಅಂತ ಸೇವ್ ಮಾಡಿದರೆ ಎಕ್ಸೆಲ್ ತೆರೆದಿರುವ ಶೀಟನ್ನು ಮಾತ್ರ ಉಳಿಸುತ್ತದೆ. ನನಗೆ ಬಂದದ್ದು ಸಿವಿಲ್ ಬ್ರಾಂಚ್ ಒಂದೇ. ನನ್ನ ಸ್ಕ್ರಿಪ್ಟಿಗೆ ಏನು ಗೊತ್ತು ಪಾಪ, ಉಳಿದ ಬ್ರಾಂಚಿನವರೆಲ್ಲ ಕಾಲೇಜು ಬಿಟ್ಟರು ಅಂದುಕೊಂಡು ಮುಚ್ಚುವ ಸಾಲುಗಳನ್ನು ಪುಟಗಟ್ಟಲೆ ಬರೆದಿತ್ತು. ಓಡಿಸುವ ಮೊದಲು ಫೈಲ್ ತೆರೆದು ನೋಡಿದ್ದಕ್ಕೆ ಉಳಿದೆ. ಅವತ್ತಿನಿಂದ ನನ್ನ ಸ್ಕ್ರಿಪ್ಟಿನಲ್ಲಿ ಒಂದು ಲೆಕ್ಕ ಇದೆ: ಮುಚ್ಚುವವರ ಸಂಖ್ಯೆ ನಾನು ಮೊದಲೇ ಕೈಯಾರೆ ಬರೆದುಕೊಟ್ಟ ಸಂಖ್ಯೆಗಿಂತ ಜಾಸ್ತಿ ಆದರೆ ಫೈಲ್ ಬರೆಯದೆ ನಿಂತುಬಿಡುತ್ತದೆ. ಈ ವರ್ಷ ಎಷ್ಟು ಜನ ಪಾಸಾಗಿ ಹೋದರು ಅಂತ ಆಫೀಸಿಗೆ ಫೋನ್ ಮಾಡಿ ಕೇಳಿ, ಆ ಸಂಖ್ಯೆ ಹಾಕಿ.

‘ಮುಚ್ಚುವುದು’ ಅಂದರೆ ಏನು ಅನ್ನುವುದನ್ನೂ ನೋಡಿ. ಜಿಂಬ್ರಾದಲ್ಲಿ ‘ಲಾಕ್ಡ್’ ಅಂದರೆ ಲಾಗಿನ್ ಆಗುವುದಿಲ್ಲ, ಆದರೆ ಮೇಲ್ ಬಂದು ಬೀಳುತ್ತಲೇ ಇರುತ್ತದೆ. ‘ಕ್ಲೋಸ್ಡ್’ ಅಂದರೆ ಲಾಗಿನ್ನೂ ಇಲ್ಲ, ಬಂದ ಮೇಲ್ ಕಳಿಸಿದವರಿಗೇ ವಾಪಸ್. ಲಾಕ್ ಸೌಮ್ಯ ಅಂತ ತುಂಬಾ ಜನ ಅದನ್ನೇ ಹಾಕುತ್ತಾರೆ. ನಾನು ಹಾಕುವುದಿಲ್ಲ. ನನಗೆ ಗೊತ್ತಿರುವ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ರೆಸ್ಯೂಮಿನಲ್ಲಿ ಕಾಲೇಜಿನ ವಿಳಾಸವನ್ನೇ ಕೊಟ್ಟಿದ್ದ. ಇಂಟರ್‌ವ್ಯೂ ಕರೆ ಬಂದದ್ದು ಲಾಕ್ ಆದ ಖಾತೆಗೆ. ಕಳಿಸಿದವರು ತಲುಪಿತು ಅಂದುಕೊಂಡರು, ಇವನಿಗೆ ಬಂದದ್ದೇ ಗೊತ್ತಿಲ್ಲ. ವಾಪಸ್ ಹೋಗಿದ್ದರೆ ಅವರು ಫೋನಾದರೂ ಮಾಡುತ್ತಿದ್ದರು. ಹಾಗಾಗಿ ಮೂರು ತಿಂಗಳು ಮೊದಲೇ ಹೇಳಿ, ತಮ್ಮ ಮೇಲ್ ತೆಗೆದುಕೊಳ್ಳಲು ಬಿಡಿ, ಆಮೇಲೆ ಕ್ಲೋಸ್ ಮಾಡಿ. ಒಂದು ವರ್ಷ ಹಾಗೇ ಇರಲಿ.

ಡೆಲೀಟ್ ಮಾಡುವ ಕೆಲಸವನ್ನು ನಾನು ಸ್ಕ್ರಿಪ್ಟಿಗೆ ಕೊಡುವುದೇ ಇಲ್ಲ. ಅದಕ್ಕೆ ವಾಪಸ್ ದಾರಿ ಇಲ್ಲ. ಝಡ್‌ಎಂಮೇಲ್‌ಬಾಕ್ಸ್ ಕಮಾಂಡಿನಿಂದ ಪೂರ್ತಿ ಮೇಲ್‌ಬಾಕ್ಸನ್ನು ಟಿಜಿಝಡ್ (ಕಂಪ್ರೆಸ್ ಮಾಡಿದ) ಫೈಲಾಗಿ ತೆಗೆದಿಡಬಹುದು. ಆ ಫೈಲ್ ಸೊನ್ನೆ ಬೈಟ್ ಅಲ್ಲ, ತೆರೆದರೆ ಒಳಗೆ ಮೇಲ್ ಇದೆ ಅಂತ ನೋಡಿಕೊಂಡು ಆಮೇಲೆ ಕೈಯಾರೆ ಅಳಿಸುತ್ತೇನೆ. ಅಳಿಸಿದ ವಿಳಾಸವನ್ನು ಹೊಸಬರಿಗೆ ಯಾವತ್ತೂ ಕೊಡಬೇಡಿ. ಹಳಬನ ಯಾವುದೋ ಖಾತೆಯ ಪಾಸ್‌ವರ್ಡ್ ರೀಸೆಟ್ ಮೇಲ್ ಹೊಸಬನ ಕೈಗೆ ಸಿಗುತ್ತದೆ.

ಜಿಂಬ್ರಾ ಬದಲು ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಮೇಲ್ ಸಾಫ್ಟ್‌ವೇರ್ ಇಟ್ಟುಕೊಂಡವರಿಗೂ ಕ್ರಮ ಇದೇ. ಅಲ್ಲಿ ಯೂಸರ್‌ಗಳು ಸಾಮಾನ್ಯವಾಗಿ ಮರಿಯಾಡಿಬಿ ಡೇಟಾಬೇಸಿನ ಟೇಬಲ್‌ನಲ್ಲಿ ಇರುತ್ತಾರೆ, ಸರ್ವರಿನ ಪಟ್ಟಿ ತೆಗೆಯಲು ಒಂದು ಸೆಲೆಕ್ಟ್ ಸಾಕು, ಪಾಸ್‌ವರ್ಡ್ ಹ್ಯಾಶ್ ಮಾಡಲು (ಓದಲು ಆಗದ ರೂಪಕ್ಕೆ ಬದಲಿಸಲು) ಡವ್‌ಅಡ್ಮ್ ಕಮಾಂಡ್ ಇದೆ.

ಓಡಿಸುವಾಗ ‘ಟಿಮಕ್ಸ್’ ಒಳಗೆ ಓಡಿಸಿ, ನಿಮ್ಮ ಮನೆಯ ಇಂಟರ್‌ನೆಟ್ ಹೋದರೂ ಸರ್ವರಿನಲ್ಲಿ ಕೆಲಸ ಮುಂದುವರಿಯುತ್ತದೆ. ಬಂದ ಉತ್ತರವನ್ನೆಲ್ಲ ಲಾಗ್ ಫೈಲಿಗೆ ಹಾಕಿ. ಮುಗಿದ ಮೇಲೆ ಸರ್ವರಿನ ಪಟ್ಟಿಯನ್ನು ಹೊಸದಾಗಿ ತೆಗೆದು ಮತ್ತೆ ಹೋಲಿಸಿ. ಮಾಡಬೇಕಾದವರ ಪಟ್ಟಿ ಖಾಲಿ ಬರಬೇಕು. ಖಾಲಿ ಬಂದರೆ ಕೆಲಸ ಆಗಿದೆ, ಇಲ್ಲದಿದ್ದರೆ ಉಳಿದವರ ಹೆಸರೇ ಕೈಯಲ್ಲಿ ಇದೆ.

ಪೈಥಾನ್ ಕೇಳಿದಿರಿ. ಕಲಿತರೆ ಒಳ್ಳೆಯದೇ, ಸಿಎಸ್‌ವಿಯಲ್ಲಿ ಹೆಸರಿನ ನಡುವೆ ಅಲ್ಪವಿರಾಮ ಬಂದರೂ ಅದು ಸರಿಯಾಗಿ ಓದುತ್ತದೆ, ಶೆಲ್ ಅಲ್ಲಿ ಎಡವುತ್ತದೆ. ಆದರೆ ಈ ವಾರದ ಕೆಲಸಕ್ಕೆ ಸಾರ್ಟ್, ಕಾಮ್, ಕಾಲಮ್ ತೆಗೆಯುವ ಆಕ್ ಸಾಕು. ಅದಕ್ಕಿಂತ ಅರ್ಜೆಂಟ್ ಇನ್ನೊಂದಿದೆ. 8.8.15ಕ್ಕೆ ಬೆಂಬಲ 2023ರ ಕೊನೆಗೇ ಮುಗಿದಿದೆ. ಇಂಟರ್‌ನೆಟ್ಟಿಗೆ ತೆರೆದಿರುವ ಮೇಲ್ ಸರ್ವರನ್ನು ಹಾಗೇ ಇಟ್ಟುಕೊಳ್ಳಬಾರದು, ಸೆಮಿಸ್ಟರ್ ರಜೆಯಲ್ಲಿ ಹೊಸ ಆವೃತ್ತಿಗೋ ಬೇರೆ ಸರ್ವರಿಗೋ ಹೋಗುವ ಯೋಚನೆ ಮಾಡಿ.

640 ಜನರ ಮೇಲೆ ಓಡಿಸುವ ಮೊದಲು ಐದು ಡಮ್ಮಿ ಯುಎಸ್‌ಎನ್ ಹಾಕಿ ಓಡಿಸಿ. ಎರಡೋ ಮೂರೋ ಖಾತೆ ಆಗುತ್ತಿದ್ದಂತೆ ಕಂಟ್ರೋಲ್ ಸಿ ಒತ್ತಿ ನೀವೇ ನಿಲ್ಲಿಸಿ, ಕರೆಂಟ್ ಹೋಯಿತು ಅಂದುಕೊಳ್ಳಿ. ಮತ್ತೆ ಮೊದಲಿಂದ ಓಡಿಸಿ, ಉಳಿದಷ್ಟು ಮಾತ್ರ ಆಗಬೇಕು. ಮೂರನೇ ಸಲ ಓಡಿಸಿದಾಗ ಕಮಾಂಡ್ ಫೈಲ್ ಖಾಲಿ ಬಂತಾ? ಹಾಗಾದರೆ ಹೊರಗೆ ಎಷ್ಟು ಮಳೆ ಬಂದರೂ ಓಡಿಸಿ.